ಕುಡಿಸಬೇಕಾದ ಇಂಜೆಕ್ಷನ್

ಬುಧವಾರ ಬೆಳಗ್ಗೆ ಹತ್ತೂವರೆಗೆ ಆರನೇ ರೂಮಿನ ರೋಗಿಯ ಗಂಡ ಒಂದು ಬಟ್ಟೆಚೀಲ ತಂದು ನಮ್ಮ ಫಾರ್ಮಸಿಯ ಕಿಟಕಿಯಲ್ಲಿಟ್ಟರು. ಮನೆಯಲ್ಲಿರುವ ಔಷಧಿಯನ್ನೆಲ್ಲ ತನ್ನಿ ಎಂದು ಹಿಂದಿನ ಸಂಜೆ ಅಡ್ಮಿಷನ್ ಹೊತ್ತಿನಲ್ಲಿ ನಾನೇ ಹೇಳಿ ಕಳಿಸಿದ್ದೆ. ಮೈಸೂರಿನ ಯಾದವಗಿರಿಯ ಈ ಸಣ್ಣ ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್. ಹೊಸ ರೋಗಿಗಳ ಹಳೇ ಮಾತ್ರೆ ನೋಡಿ ಪಟ್ಟಿ ಮಾಡಿ ಕೇಸ್‌ಶೀಟಿಗೆ ಸಿಕ್ಕಿಸುವುದು ನಾನಾಗಿ ಹಚ್ಚಿಕೊಂಡ ಕೆಲಸ. ಯಾರೂ ಮಾಡು ಅಂದಿರಲಿಲ್ಲ. ಅರವತ್ತೊಂಬತ್ತರ ಮುದುಕಿಯಾದ ನನ್ನನ್ನು ಬೇಡ ಅನ್ನುವವರೂ ಇರಲಿಲ್ಲ.

ಚೀಲವನ್ನು ಕೌಂಟರ್ ಮೇಲೆ ಸುರಿದೆ. ಕತ್ತರಿಸಿದ ಸ್ಟ್ರಿಪ್ಪುಗಳು, ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪು, ನೋವಿನ ಮುಲಾಮು.

“ಇದೇನು ಯಜಮಾನ್ರೇ, ಇಷ್ಟೊಂದು?”

“ಏನ್ಮಾಡದು ಮೇಡಮ್ಮೋರೆ, ಅವ್ಳಿಗೆ ಒಂದೊಂದಲ್ಲ. ಮದ್ಲು ವಸಡು ಊದ್ಕತು. ಅದು ಓಯ್ತು ಅನ್ನೋವಷ್ಟ್ರಲ್ಲಿ ಕೆಮ್ಮು. ಆಮೇಕೆ ಉರಿಮೂತ್ರ. ಒಬ್ಬೊಬ್ಬ ಡಾಕ್ಟ್ರು ಒಂದೊಂದು ಕೊಟ್ರು.”

ಗಂಡ ಹೆಂಡತಿ ಇಬ್ಬರೂ ಸಿದ್ಧಾರ್ಥನಗರದ ರಸ್ತೆ ಬದಿಯಲ್ಲಿ ಗಿಡಗಳ ನರ್ಸರಿ ನಡೆಸುವವರು; ಊರು ತಿ. ನರಸೀಪುರದ ಕಡೆ. ಆತನ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಹಾಗೇ ಇತ್ತು. ನಾನು ಸ್ಟ್ರಿಪ್ಪುಗಳನ್ನು ಒಬ್ಬರೇ ಕೂತು ಪೇಷೆನ್ಸ್ ಆಡುವವರ ಇಸ್ಪೀಟಿನ ಹಾಗೆ ಜೋಡಿಸುತ್ತ ಹೋದೆ. ವಸಡಿಗೆ ಕ್ಲಿಂಡಾಮೈಸಿನ್. ಕೆಮ್ಮಿಗೆ ಸೆಫಿಕ್ಸೀಮ್. ಮೂತ್ರಕ್ಕೆ ಒಫ್ಲಾಕ್ಸಾಸಿನ್. ಆರೇಳು ವಾರದಲ್ಲಿ ಮೂರು ಆ್ಯಂಟಿಬಯೋಟಿಕ್. ಜೊತೆಗೆ ದಿನಾ ಬೆಳಗ್ಗೆ ಒಂದು ಗ್ಯಾಸಿನ ಮಾತ್ರೆ. ಈಗ ದಿನಕ್ಕೆ ಹನ್ನೆರಡು ಹದಿನೈದು ಸಲ ಭೇದಿ, ಜ್ವರ, ಹೊಟ್ಟೆನೋವು ಎಂದು ಇಲ್ಲಿ ಸೇರಿದ ಮೇಲೆ ನಾವು ಶುರು ಮಾಡಿದ್ದು ನಾಲ್ಕನೆಯದು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದನ್ನು ವಾರ್ಡಿಗೆ ಕೊಟ್ಟವಳೂ ನಾನೇ.

ಓದುವವರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ತಮ್ಮ ಪಾಡಿಗೆ ಸಂಸಾರ ಮಾಡಿಕೊಂಡಿರುತ್ತವೆ. ಆ್ಯಂಟಿಬಯೋಟಿಕ್ ವಸಡಿನ ಕೀವಿಗೆಂದು ಒಳಹೋದರೂ ಇವನ್ನೂ ಸಾಯಿಸುತ್ತದೆ. ಖಾಲಿಯಾದ ಜಾಗದಲ್ಲಿ ಎದ್ದು ಕೂರುವುದು ಒಂದು ಹಟಮಾರಿ ಬ್ಯಾಕ್ಟೀರಿಯಾ, ಕ್ಲಾಸ್ಟ್ರಿಡಿಯಂ ಡಿಫಿಸೀಲ್. ಲ್ಯಾಬಿನವರು ಸಿ. ಡಿಫ್ ಅನ್ನುತ್ತಾರೆ. ಅದು ಬಿಡುವ ವಿಷದಿಂದ ದೊಡ್ಡ ಕರುಳಿನ ಒಳಗೋಡೆ ಸುಲಿದುಹೋಗುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಮತ್ತೊಂದು ಆ್ಯಂಟಿಬಯೋಟಿಕ್ ಸೇರಿಸುವುದಲ್ಲ, ಕೊಡುತ್ತಿರುವುದನ್ನು ನಿಲ್ಲಿಸುವುದು.

ಪಟ್ಟಿ ಹಿಡಿದುಕೊಂಡು ನಮ್ಮ ಫಿಸಿಷಿಯನ್ ಹತ್ತಿರ ಹೋದೆ. ನಲವತ್ತರ ಆಸುಪಾಸಿನ ಒಳ್ಳೆಯ ಡಾಕ್ಟರ್. ಮೂರು ಆಸ್ಪತ್ರೆ ಸುತ್ತುವವರು, ಕೂರಲು ಪುರಸೊತ್ತಿಲ್ಲ.

“ಮೇಡಂ, ಸಿ. ಡಿಫ್ ಎಲ್ಲ ಟೆಕ್ಸ್ಟ್‌ಬುಕ್ಕಿನಲ್ಲಿರೋದು. ಈಕೆ ಭಾನುವಾರ ಮದುವೆ ಊಟ ಮಾಡಿದಾರೆ. ಫುಡ್ ಪಾಯಿಸನಿಂಗ್.”

“ಮದುವೆ ಭಾನುವಾರ ನಿಜ ಡಾಕ್ಟ್ರೇ. ಭೇದಿ ಶುರುವಾದದ್ದು ಅದಕ್ಕೆ ನಾಲ್ಕು ದಿನ ಮುಂಚೆ. ನಾನು ಕೇಳಿದೆ. ಮದುವೆಮನೇಲಿ ಆಕೆ ಮಜ್ಜಿಗೆ ಬಿಟ್ಟು ಏನೂ ಮುಟ್ಟಿಲ್ಲ.”

ಅವರು ನನ್ನ ಪಟ್ಟಿ ನೋಡಿದರು. “ಓಕೆ, ಟಾಕ್ಸಿನ್ ಟೆಸ್ಟಿಗೆ ಕಳಿಸೋಣ. ರಿಪೋರ್ಟ್ ಬರೋವರೆಗೂ ಸೆಫ್ಟ್ರಿಯಾಕ್ಸೋನ್ ನಡೀಲಿ. ಜ್ವರ ಇದೆಯಲ್ಲ.”

ನಿಲ್ಲಿಸಿ ಎಂದು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮುಕ್ಕಾಲು ಗೆದ್ದ ಖುಷಿಯಲ್ಲಿ ಕಾಲು ಭಾಗ ಬಿಟ್ಟುಕೊಟ್ಟು ಬಂದೆ.

ಮಲದ ಸ್ಯಾಂಪಲ್ಲನ್ನು ಡಬ್ಬಿಯಲ್ಲಿ ಹಿಡಿದು ಹೊರಗಿನ ಲ್ಯಾಬಿಗೆ ಕೊಟ್ಟುಬರಲು ಗಂಡನಿಗೆ ಹೇಳಿದ್ದಾಯಿತು. ಗುರುವಾರ ಬೆಳಗ್ಗೆ ಲ್ಯಾಬಿನಿಂದ ಫೋನು: ಸ್ಯಾಂಪಲ್ ರಿಜೆಕ್ಟ್, ಫಿನಾಯಿಲ್ ವಾಸನೆ ಹೊಡೀತಿದೆ. ಆತನನ್ನು ಕರೆದು ಕೇಳಿದೆ.

“ಊಂ, ಒಂಚೂರು ಆಕ್ದೆ. ಅಲ್ಲಿ ಹೆಣ್ಮಕ್ಳು ಕೂತವ್ರೆ ಲ್ಯಾಬ್ನಾಗೆ. ಆ ನಾತ ಎಂಗೆ ಕುಡೀತಾರೆ ಪಾಪ ಅಂತವ.”

ನಗಬೇಕೋ ಅಳಬೇಕೋ. ಆರನೇ ರೂಮಿಗೆ ಹೋಗಿ ಎರಡನೇ ಡಬ್ಬಿ ನಾನೇ ಕೊಟ್ಟೆ. ಆಕೆಗೆ ಐವತ್ತೇಳು, ಸಕ್ಕರೆ ಕಾಯಿಲೆ ಇತ್ತು, ಹೃದಯವೂ ಅಷ್ಟು ಗಟ್ಟಿಯಿರಲಿಲ್ಲ. ಮುಖ ಬಾಡಿಹೋಗಿದ್ದರೂ ಬಾಯಿ ಚುರುಕು.

“ನೋಡಿ ಮೇಡಂ, ಮೂವತ್ತು ವರ್ಸದಿಂದ ಗಿಡಕ್ಕೆ ಗೊಬ್ಬರ ಹೊತ್ತು ಹೊತ್ತು ಇವ್ರಿಗೆ ಅಭ್ಯಾಸ. ಈಗ ನಂದೂ ಹೊರ್ತಾವ್ರೆ.”

“ಸುಮ್ಕಿರೆ, ಮೇಡಮ್ಮೋರ ಮುಂದೆ ಏನೇನೋ ಮಾತಾಡ್ತಳೆ.”

“ಮೇಡಮ್ಮೋರು ಹೊಟ್ಟೆ ಇಲ್ದೆ ಹುಟ್ಟಿದಾರಾ?”

ಆ ರೂಮಿನಿಂದ ಹೊರಬಂದಾಗ ನರ್ಸೊಬ್ಬಳು ಬಾಗಿಲಲ್ಲಿ ಸ್ಯಾನಿಟೈಸರ್ ಉಜ್ಜಿಕೊಂಡು ಮುಂದಿನ ರೂಮಿಗೆ ಹೊರಟಿದ್ದಳು. ಕೋವಿಡ್ ಕಲಿಸಿದ ಅಭ್ಯಾಸ. ಆದರೆ ಸಿ. ಡಿಫ್‌ನ ಬೀಜಕಣಗಳಿಗೆ ಆ ಸ್ಪಿರಿಟ್ ತಾಗುವುದೇ ಇಲ್ಲ. ಸೋಪು ನೀರಲ್ಲೇ ತೊಳೆಯಬೇಕು, ನೆಲಕ್ಕೆ ಬ್ಲೀಚ್ ಹಾಕಬೇಕು. ಬಾಗಿಲಿಗೆ ಒಂದು ಬೋರ್ಡು ಬರೆದು ಅಂಟಿಸಿದೆ. ನನ್ನದು ಕಾನ್ವೆಂಟಿನ ಕರ್ಸಿವ್ ಬರವಣಿಗೆ. ಬರೆಯುವುದು ಕೂಡ ಒಂದು ಪ್ರಾರ್ಥನೆ ಎಂದು ನಮ್ಮ ನನ್‌ಗಳು ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ್ದು. ಬೋರ್ಡು ಚೆನ್ನಾಗಿ ಕಂಡಿತು, ಸ್ವಲ್ಪ ಹೆಮ್ಮೆಯೂ ಆಯಿತು.

ಶುಕ್ರವಾರ ಸಂಜೆ ಐದಕ್ಕೆ ರಿಪೋರ್ಟ್ ಬಂತು. ಪಾಸಿಟಿವ್. ಅಷ್ಟರಲ್ಲಿ ಸೆಫ್ಟ್ರಿಯಾಕ್ಸೋನ್ ಮೂರು ದಿನ ಒಳಗೆ ಹೋಗಿತ್ತು. ರಕ್ತದ ಬಿಳಿಕಣಗಳು ಹನ್ನೊಂದು ಸಾವಿರದಿಂದ ಹತ್ತೊಂಬತ್ತು ಸಾವಿರಕ್ಕೆ ಏರಿದ್ದವು, ಸೋಂಕು ಹೆಚ್ಚುತ್ತಿದ್ದುದರ ಗುರುತು.

ಡಾಕ್ಟರ್ ಬಂದು ಸೆಫ್ಟ್ರಿಯಾಕ್ಸೋನ್ ಮೇಲೆ ಗೆರೆ ಎಳೆದರು. ಹೊಟ್ಟೆಯ ಆಮ್ಲ ತಗ್ಗಿಸಿ ಸಿ. ಡಿಫ್‌ಗೆ ದಾರಿ ಮಾಡಿಕೊಡುವ ಗ್ಯಾಸಿನ ಮಾತ್ರೆಯನ್ನೂ ನಿಲ್ಲಿಸಿದರು. ವ್ಯಾಂಕೋಮೈಸಿನ್ ನೂರಿಪ್ಪತ್ತೈದು ಮಿಲಿಗ್ರಾಂ, ಆರು ಗಂಟೆಗೊಮ್ಮೆ, ಬಾಯಿಯಿಂದ. “ಯು ವರ್ ರೈಟ್, ಮೇಡಂ” ಎಂದರು. ಅರ್ಜೆಂಟಿನಲ್ಲಿರುವ ಮನುಷ್ಯ ನಿಂತು ಹೇಳಿದ ಮಾತು. ಈಗ ಅದನ್ನು ನೆನೆಸಿಕೊಂಡರೆ ಮೈ ಮುಳ್ಳೇಳುತ್ತದೆ.

ವ್ಯಾಂಕೋಮೈಸಿನ್ ಕ್ಯಾಪ್ಸೂಲ್‌ಗಾಗಿ ಮೈಸೂರಿನ ಹೋಲ್‌ಸೇಲ್‌ನವರಿಗೆಲ್ಲ ಫೋನ್ ಮಾಡಿದೆ. ಇಲ್ಲ. ಬೆಂಗಳೂರಿನವರು ಸೋಮವಾರ ನೋಡೋಣ ಅಂದರು. ಇಂಥ ಹೊತ್ತಿಗೆ ಒಂದು ಹಳೇ ದಾರಿ ಇದೆ. ನರಕ್ಕೆ ಕೊಡುವ ವ್ಯಾಂಕೋಮೈಸಿನ್ ಪುಡಿಯ ಸಣ್ಣ ಸೀಸೆ, ವಯಲ್, ಎಲ್ಲ ಕಡೆ ಸಿಗುತ್ತದೆ. ಐನೂರು ಮಿಲಿಗ್ರಾಂ ಪುಡಿಗೆ ಹತ್ತು ಎಂ.ಎಲ್. ಸ್ಟೆರೈಲ್ ವಾಟರ್ ಸೇರಿಸಿದರೆ, ಎರಡೂವರೆ ಎಂ.ಎಲ್.ನಲ್ಲಿ ಒಂದು ಡೋಸ್. ಅದನ್ನು ಕುಡಿಸುವುದು. ಕಹಿಯಾಗಿರುತ್ತದೆ, ಒಂದು ಚಮಚ ಸಕ್ಕರೆ ಪಾಕ ಬೆರೆಸಿ ಕೊಡಬೇಕು. ಕುಡಿದದ್ದು ರಕ್ತಕ್ಕೆ ಸೇರುವುದಿಲ್ಲ; ಕರುಳಲ್ಲೇ ಉಳಿದು, ಬ್ಯಾಕ್ಟೀರಿಯಾ ಇರುವಲ್ಲೇ ಕೆಲಸ ಮಾಡುತ್ತದೆ. ಅದೇ ಔಷಧಿಯನ್ನು ನರಕ್ಕೆ ಕೊಟ್ಟರೆ ರಕ್ತದಲ್ಲಿ ಸುತ್ತಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಕರುಳಿನ ಒಳಗೆ ಇಳಿಯುವುದೇ ಇಲ್ಲ.

ಶನಿವಾರ ಬೆಳಗ್ಗೆ ಆರಕ್ಕೇ ಬಂದು, ಗಂಡ ರಾತ್ರಿ ಹೊರಗಿನ ಅಂಗಡಿಯಿಂದ ತಂದಿಟ್ಟಿದ್ದ ವಯಲಿನಿಂದ ಮೊದಲ ಡೋಸನ್ನು ಆರನೇ ರೂಮಿನಲ್ಲಿ ನಿಂತು ನಾನೇ ಕಲಸಿದೆ. ಗಂಡ ವಯಲ್ ಎತ್ತಿಕೊಂಡು ಅದರ ಮೇಲಿನ ಅಕ್ಷರ ನೋಡಿದರು.

“ಇದ್ರ ಮ್ಯಾಲೆ ಇಂಜೆಕ್ಸನ್ ಅಂತ ಬರ್ದೈತಲ್ಲ ಮೇಡಮ್ಮೋರೆ. ಸೂಜಿಮದ್ದು ಕುಡಿಸೋದುಂಟಾ? ಸೂಜಿಲಿ ಆಕುದ್ರೆ ಬಿರ್ರನೆ ಇಡಿಯೋದು, ಕುಡುದ್ರೆ ಎಲ್ಲ ಸಪ್ಪೆಯಾಗೋಯ್ತದೆ.”

“ಯಜಮಾನ್ರೇ, ಗಿಡದ ಬೇರು ಕೊಳೆತಿದ್ರೆ ಔಷಧೀನ ಎಲೆ ಮೇಲೆ ಹೊಡೀತೀರಾ, ಬುಡಕ್ಕೆ ಹಾಕ್ತೀರಾ?”

“ಬುಡಕ್ಕೇ ಆಕ್ಬೇಕು.”

“ಇಲ್ಲಿ ಕರುಳೇ ಬುಡ.”

ಒಪ್ಪಿದ ಹಾಗೆ ತಲೆಯಾಡಿಸಿದರು. ಹೆಂಡತಿ ಒಂದೇ ಗುಟುಕಿಗೆ ಕುಡಿದು ಮುಖ ಸಿಂಡರಿಸಿದರು. “ಥೂ, ಬೇವಿನೆಣ್ಣೆ ಸಾವಾಸ. ಇದನ್ನ ಗಿಡಕ್ಕೇ ಹಾಕಿ ಮೇಡಂ, ಹುಳ ಓಡೋಗ್ತವೆ.”

ಎರಡನೇ ಡೋಸನ್ನೂ ಮಧ್ಯಾಹ್ನ ನಾನೇ ಕುಡಿಸಿದೆ. ಮಧ್ಯಾಹ್ನದ ನಂತರ ನನ್ನ ಡ್ಯೂಟಿ ಮುಗಿದು, ಭಾನುವಾರ ಪೂರ್ತಿ ರಜ. ವಾರ್ಡಿನವರು ಎರಡೂವರೆ ಎಂ.ಎಲ್. ಸರಿಯಾಗಿ ಅಳೆಯುತ್ತಾರೋ ಇಲ್ಲವೋ, ಒಂದು ವಯಲನ್ನು ನಾಲ್ಕು ಸಲಕ್ಕೆ ಭಾಗ ಮಾಡುವ ಬದಲು ಇಡೀ ಒಂದೇ ಸಲಕ್ಕೆ ಸುರಿದುಬಿಡುತ್ತಾರೋ ಎಂಬ ಚಿಂತೆ ನನಗೆ. ಹಾಗಾಗಿ ಸೋಮವಾರ ಬೆಳಗಿನವರೆಗೆ ಬೇಕಾದ ಡೋಸ್‌ಗಳನ್ನೆಲ್ಲ ನಾನೇ ಕಲಸಿ, ಅಳೆದು, ಒಂದೊಂದಾಗಿ ಐದು ಎಂ.ಎಲ್. ಸಿರಿಂಜುಗಳಿಗೆ ತುಂಬಿ, ಮುಚ್ಚಳ ಹಾಕಿ, ಸ್ಟೀಲ್ ಟ್ರೇಯಲ್ಲಿ ಸಾಲಾಗಿ ಇಟ್ಟೆ. ಬಾಯಿಗೆ ಕೊಡುವುದಕ್ಕೆಂದೇ ಬೇರೆ ಬಗೆಯ ಸಿರಿಂಜು ಬರುತ್ತದೆ. ಸೂಜಿಗೂ ಡ್ರಿಪ್ಪಿನ ಕೊಳವೆಗೂ ಅದು ಕೂರುವುದಿಲ್ಲ. ಅದು ನಮ್ಮಲ್ಲಿರಲಿಲ್ಲ. ಇದ್ದದ್ದು ಮಾಮೂಲಿಯದು, ನರದ ಕೊಳವೆಗೆ ಟಕ್ಕನೆ ಕೂರುವುದು. ಟ್ರೇಯ ಅಂಚಿಗೆ ಒಂದು ಚೀಟಿ ಅಂಟಿಸಿದೆ: ಆರನೇ ರೂಮು, ಬಾಯಿಗೆ ಮಾತ್ರ, ಪಾಕದಲ್ಲಿ ಬೆರೆಸಿ. ಇಂಗ್ಲಿಷಿನಲ್ಲಿ, ಕರ್ಸಿವ್‌ನಲ್ಲಿ, ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದು. ಟ್ರೇಯನ್ನು ವಾರ್ಡಿನ ಫ್ರಿಜ್ಜಿನಲ್ಲಿಟ್ಟು, ಶನಿವಾರದ ನರ್ಸಿಗೆ ಎರಡೆರಡು ಸಲ ಹೇಳಿ ಮನೆಗೆ ಬಂದೆ.

ಟ್ರೇಗೆ ಒಂದು ಚೀಟಿ. ಸಿರಿಂಜುಗಳಿಗೆ ಏನೂ ಇಲ್ಲ.

ನಾನು ಕಲಿಯುವ ಕಾಲದಲ್ಲಿ ಮಿಕ್ಸ್‌ಚರನ್ನು ಬಾಟಲಿಗೆ ತುಂಬಿ, ಪಕ್ಕದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲು ಒಂದು ಡೋಸ್. ಓದು ಬಾರದವರೂ ಅದನ್ನು ನರಕ್ಕೆ ಚುಚ್ಚುವ ಹಾಗಿರಲಿಲ್ಲ. ಕುಡಿಯುವುದೊಂದೇ ದಾರಿ. ಎಷ್ಟು ಚೆನ್ನಾಗಿತ್ತು ಆ ಬಡ ವಿದ್ಯೆ! ನಾನು ಮಾತ್ರ ಪರ್ಫೆಕ್ಷನ್ ಬೇಕೆಂದು ಸಿರಿಂಜು ಹಿಡಿದೆ.

ಸೋಮವಾರ ಎಂಟಕ್ಕೆ ಆಸ್ಪತ್ರೆಯ ಮೆಟ್ಟಿಲ ಬಳಿ ಗಂಡ ಸಿಕ್ಕರು. ಸ್ನಾನ ಮಾಡಿ, ಮಡಿಕೆ ಮುರಿಯದ ಶರ್ಟು ಹಾಕಿದ್ದರು.

“ನಿಂತೋಯ್ತು ಮೇಡಮ್ಮೋರೆ! ನಿನ್ನೆ ಸಂಜಿಂದ ಒಂದಪಾನೂ ಓಗಿಲ್ಲ ಅವ್ಳು. ನಿಮ್ಮ ಮದ್ದು ಇಡುದ್ಬುಡ್ತು!”

ದೇವರ ದಯೆ ಅಂದೆ. ಮೇಲೆ ಹೋಗಿ ಚಾರ್ಟ್ ತೆಗೆದೆ. ಭಾನುವಾರ ಮಧ್ಯಾಹ್ನ ಹನ್ನೆರಡೂ ಕಾಲಿಗೆ ಬರೆದಿತ್ತು: ಔಷಧಿ ಕೊಟ್ಟ ಮೇಲೆ ಕುತ್ತಿಗೆ, ಎದೆ ಕೆಂಪಾಗಿ ತುರಿಕೆ, ಅಲರ್ಜಿ ಇಂಜೆಕ್ಷನ್ ಕೊಡಲಾಗಿದೆ.

ಆ ಸಾಲನ್ನು ಎಷ್ಟು ಸಲ ಓದಿದೆನೋ. ವ್ಯಾಂಕೋಮೈಸಿನ್ ನರಕ್ಕೆ ಬೇಗ ಹೋದಾಗ ಕುತ್ತಿಗೆ ಎದೆ ಹೀಗೆ ಕೆಂಪಾಗುತ್ತದೆ. ಕುಡಿದರೆ ಹಾಗಾಗುವುದು ತೀರಾ ಅಪರೂಪ.

ಭಾನುವಾರ ಬದಲಿಗೆ ಬಂದಿದ್ದ ನರ್ಸು ಹೊಸಬಳು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಆ ಬೆಳಗ್ಗೆಯೂ ಡ್ಯೂಟಿಯಲ್ಲಿದ್ದಳು. ಬೈದರೆ ಬಾಯಿ ಬಿಡುವುದಿಲ್ಲವೆಂದು ಮೆಲ್ಲಗೆ ಕೇಳಿದೆ.

“ನಿನ್ನೆ ಆರನೇ ರೂಮಿಗೆ ವ್ಯಾಂಕೋಮೈಸಿನ್ ಹೇಗೆ ಕೊಟ್ಟೆಯಮ್ಮ?”

“ಐವಿ ಮೇಡಂ, ನರಕ್ಕೆ. ವ್ಯಾಂಕೋಮೈಸಿನ್ ಫ್ರಿಜ್ಜಲ್ಲಿದೆ ಅಂತಷ್ಟೇ ನಂಗೆ ಹೇಳಿದ್ರು, ಸಿರಿಂಜಲ್ಲೇ ಇತ್ತಲ್ಲ. ಬೆಳಗ್ಗೆಯಿಂದ ಪೇಷೆಂಟು ಕುಡಿದದ್ದೆಲ್ಲ ವಾಂತಿ ಮಾಡ್ತಿದ್ರು. ಅವರ ಯಜಮಾನ್ರೂ ಅಂದ್ರು, ಸಿಸ್ಟರ್, ಅದು ಸೂಜಿಮದ್ದೇ, ಡಬ್ಬಿ ಮೇಲೇ ಬರ್ದೈತೆ, ಸೂಜಿಲೇ ಹಾಕ್ಬುಡಿ ಅಂತ. ನೈಟ್ ಸಿಸ್ಟರ್‌ಗೂ ಹಂಗೇ ಹ್ಯಾಂಡೋವರ್ ಕೊಟ್ಟೆ.”

“ಟ್ರೇ ಮೇಲೆ ಚೀಟಿ ಇತ್ತಲ್ಲ?”

“ನಾನು ಟ್ರೇ ತರ್ಲಿಲ್ಲ ಮೇಡಂ. ಒಂದು ಸಿರಿಂಜು ತಗೊಂಡೆ.” ಅಷ್ಟು ಹೇಳುವಷ್ಟರಲ್ಲಿ ಅವಳಿಗೇ ಅರ್ಥವಾಯಿತು. ಅಳತೊಡಗಿದಳು.

ಭಾನುವಾರ ಮಧ್ಯಾಹ್ನ, ಸಂಜೆ, ಮಧ್ಯರಾತ್ರಿ, ಸೋಮವಾರ ಬೆಳಗ್ಗೆ. ನಾಲ್ಕು ಡೋಸ್. ಕರುಳಿಗೆ ಒಂದು ಹನಿಯೂ ಇಳಿದಿರಲಿಲ್ಲ.

ಹಾಗಾದರೆ ಭೇದಿ ನಿಂತದ್ದು ಯಾಕೆ? ರೂಮಿಗೆ ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು, ನನ್ನ ಮಂಡಿಗೆ ಆದಷ್ಟು. ಆಕೆಯ ಹೊಟ್ಟೆ ಗಡಿಗೆಯ ಹಾಗೆ ಬಿಗಿದಿತ್ತು. ಮಾತಿಲ್ಲ. ಡಾಕ್ಟರ್ ಬಂದು ಸ್ಟೆತ್ ಇಟ್ಟು ತುಂಬ ಹೊತ್ತು ಕೇಳಿಸಿಕೊಂಡರು. ಕರುಳಿನ ಸದ್ದೇ ಇರಲಿಲ್ಲ. ಎಕ್ಸ್‌ರೇಯಲ್ಲಿ ದೊಡ್ಡ ಕರುಳು ಗಾಳಿ ತುಂಬಿ ಊದಿತ್ತು. ಬಿಳಿಕಣ ಮೂವತ್ತನಾಲ್ಕು ಸಾವಿರ. ಭೇದಿ ವಾಸಿಯಾಗಿ ನಿಂತದ್ದಲ್ಲ. ಹೊರಗೆ ತಳ್ಳುವ ಶಕ್ತಿ ಕರುಳಿನಿಂದ ಹೋಗಿತ್ತು.

ಕಾರಿಡಾರಿನಲ್ಲಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಗೋಡೆಗೆ ಒರಗಿ ನಿಂತರು.

“ಒಂದು ದಿನದಿಂದ ಹೀಗಾಯ್ತು ಅಂತ ಹೇಳೋಕಾಗಲ್ಲ ಮೇಡಂ. ಮುಂಚೇನೇ ಆ ಕಡೆ ಹೋಗ್ತಿತ್ತೋ ಏನೋ. ನಾನೂ ಮೂರು ದಿನ ಸೆಫ್ಟ್ರಿಯಾಕ್ಸೋನ್ ಎಳೆದೆ.”

“ಆಗಲಿಲ್ಲ ಅಂತಾನೂ ಹೇಳೋಕಾಗಲ್ಲವಲ್ಲ ಡಾಕ್ಟ್ರೇ.”

ಅವರು ಕೇಸ್‌ಶೀಟ್ ತೆರೆದು ಹೊಸ ಆರ್ಡರ್ ಬರೆಯತೊಡಗಿದರು.

ಮುಂದಿನದು ಪುಸ್ತಕದಲ್ಲಿ ಇದ್ದಂತೆಯೇ ಮಾಡಿದ್ದು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಆರು ಗಂಟೆಗೊಮ್ಮೆ ಐನೂರು ಮಿಲಿಗ್ರಾಂ ವ್ಯಾಂಕೋಮೈಸಿನ್, ಅಂದರೆ ಇಡೀ ವಯಲ್. ಆದರೆ ಕರುಳು ಕದಲದೆ ಇದ್ದರೆ ಮೇಲಿನಿಂದ ಕೊಟ್ಟದ್ದು ಕೆಳಗೆ ತಲುಪುವುದೆಂತು? ಅದಕ್ಕೆ ಇನ್ನೊಂದು ವಯಲನ್ನು ನೂರು ಎಂ.ಎಲ್. ಸಲೈನಿನಲ್ಲಿ ಕಲಸಿ ಎನಿಮಾದ ಹಾಗೆ ಕೆಳಗಿನಿಂದ. ನರಕ್ಕೆ ಮೆಟ್ರೊನಿಡಜೋಲ್, ಅದೊಂದು ಮಾತ್ರ ರಕ್ತದಿಂದಲೂ ಕರುಳಿಗೆ ಅಷ್ಟಿಷ್ಟು ಬರುತ್ತದೆ. ಪ್ರತಿಯೊಂದನ್ನೂ ನಾನೇ ಕಲಸಿದೆ. ಸಿರಿಂಜು ಬಿಟ್ಟು ಅಗಲ ಬಾಯಿಯ ಬಾಟಲಿಯಲ್ಲಿ, ಒಂದೊಂದರ ಮೇಲೂ ಕನ್ನಡದಲ್ಲಿ ಅಚ್ಚಿನಂಥ ಅಕ್ಷರದಲ್ಲಿ ಬರೆದು, ಕೈಯಾರೆ ಕೊಂಡೊಯ್ದು ಎದುರಿಗೇ ಕೊಡಿಸಿದೆ. ಎಲ್ಲ ಸರಿಯಾಗಿತ್ತು, ತಡವಾಗಿತ್ತು ಅಷ್ಟೆ.

ಕೊಳವೆಯಿಂದ ಮದ್ದು ಇಳಿಯುವುದನ್ನು ಗಂಡ ಮಂಚದ ಕಾಲ ಬಳಿ ನಿಂತು ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗೊಂದಲ.

“ಮತ್ತೆ ಯಾಕೆ ಒಟ್ಟೆಗೆ ಬುಟ್ರಿ ಮೇಡಮ್ಮೋರೆ? ನಿನ್ನೆ ಸೂಜಿಲಿ ಚೆಂದಾಗಿ ಇಡುದಿತ್ತಲ್ಲ.”

ಆಗಲೇ ಹೇಳಿಬಿಡಬೇಕಿತ್ತು. “ಈಗ ಇದೇ ಬೇಕು ಯಜಮಾನ್ರೇ” ಎಂದಷ್ಟೇ ಹೇಳಿ ಬಾಟಲಿ ಎತ್ತಿ ಹಿಡಿದೆ. ಕೆಲಸವಿತ್ತು ಎಂಬುದು ನಿಜ. ಕೆಲಸ ಇಲ್ಲದಿದ್ದರೂ ಹೇಳುತ್ತಿದ್ದೆನೆ?

ಮಂಗಳವಾರ ಸರ್ಜನ್ ಬಂದರು. ಉಳಿದ ದಾರಿ ಒಂದೇ, ದೊಡ್ಡ ಕರುಳನ್ನು ಪೂರ್ತಿ ತೆಗೆದುಬಿಡುವುದು. ಅರಿವಳಿಕೆ ತಜ್ಞರು ಹೃದಯದ ರಿಪೋರ್ಟ್ ನೋಡಿ, ಕಿಡ್ನಿ ಸೋಲುತ್ತಿದೆ ಎನ್ನುವ ಹಾಗೆ ಏರುತ್ತಿದ್ದ ಕ್ರಿಯಾಟಿನಿನ್ ನೋಡಿ, ತಲೆ ಅಲ್ಲಾಡಿಸಿದರು. ದೊಡ್ಡ ಆಸ್ಪತ್ರೆಯ ಐ.ಸಿ.ಯು.ಗೆ ಕೇಳಿದರೆ ಅಲ್ಲಿಯವರೂ ಅದನ್ನೇ ಅಂದರು: ಆಂಬುಲೆನ್ಸಿನಲ್ಲಿ ಬಿ.ಪಿ. ನಿಲ್ಲುವುದಿಲ್ಲ.

ಸರ್ಜನ್ ಗಂಡನನ್ನು ಕೂರಿಸಿ ಎಲ್ಲ ವಿವರಿಸಿದರು. ಆತ ಕೇಳಿದ್ದು ಒಂದೇ ಪ್ರಶ್ನೆ.

“ಕುಯ್ದ್ರೆ ಬದ್ಕತಾಳಾ?”

“ಟೇಬಲ್ ಮೇಲೇ ಹೋಗಬಹುದು.”

“ಕುಯ್ಯದೆ ಓದ್ರೆ?”

“ಒಂದೆರಡು ದಿನ” ಅಂದರು ಸರ್ಜನ್.

“ಅಂಗಾರೆ ಬ್ಯಾಡಿ ಸಾರ್. ಇಡಿಯಾಗಿ ಇರ್ಲಿ ಬುಡಿ ಅವ್ಳು.”

ಬುಧವಾರ ಮಧ್ಯಾಹ್ನದ ಎನಿಮಾ ಬಾಟಲಿ ಹಿಡಿದು ಮೆಟ್ಟಿಲು ಹತ್ತುವಾಗ ನರ್ಸು ಎದುರಿಗೆ ಬಂದು ಬೇಡವೆಂದು ಕೈಯಾಡಿಸಿದಳು. ಬಾಟಲಿಯನ್ನು ವಾಪಸ್ ತಂದು, ಸಿಂಕಿನಲ್ಲಿ ಸುರಿಯುವ ಹಾಗಿಲ್ಲವಾದ್ದರಿಂದ, ಡಿಸ್ಕಾರ್ಡ್ ರಿಜಿಸ್ಟರಿನಲ್ಲಿ ಬರೆದು ಹಳದಿ ಡಬ್ಬಿಗೆ ಹಾಕಿದೆ.

ಆ ಸಂಜೆಯೇ ಕೂತು ತಪ್ಪಿನ ವರದಿ ಬರೆದೆ. ಮೊದಲು ನನ್ನ ಹೆಸರು: ಬಾಯಿಗೆ ಕೊಡುವ ಔಷಧಿಯನ್ನು ಮಾಮೂಲಿ ಸಿರಿಂಜಿಗೆ ತುಂಬಿದ್ದು, ಒಂದೊಂದಕ್ಕೂ ಚೀಟಿ ಅಂಟಿಸದಿದ್ದದ್ದು. ಆಮೇಲೆ ನರ್ಸು. ಡಾಕ್ಟರ್ ತಮ್ಮ ಮೂರು ದಿನವನ್ನೂ ತಾವೇ ಸೇರಿಸಿ ಸಹಿ ಹಾಕಿದರು. ಮ್ಯಾನೇಜ್‌ಮೆಂಟಿನವರು ಫೈಲಿಗೆ ಹಾಕಿದರು. ಆ ಹುಡುಗಿ ವಾರದೊಳಗೆ ಕೆಲಸ ಬಿಟ್ಟಳು. ನಾನು ಬಿಡುತ್ತೇನೆ ಅಂದೆ; ಬದಲಿ ಸಿಗುವವರೆಗೆ ಇರಿ ಅಂದರು. ವರದಿಯಲ್ಲಿ ಗಂಡನ ಮಾತನ್ನು ಬರೆಯಲಿಲ್ಲ. ಆತ ಆಸ್ಪತ್ರೆಯ ನೌಕರನಲ್ಲ, ತಪ್ಪು ಮಾಡುವ ಅಧಿಕಾರ ಆತನಿಗಿರಲಿಲ್ಲ.

ಆದರೆ ಆತನಿಗೆ ತಿಳಿಸಬೇಕು. ಅದು ಆತನ ಹಕ್ಕು. ಡಾಕ್ಟರಿಗೂ ಹಾಗೇ ಹೇಳಿದೆ. “ನೀವು ಹೇಳಿದ್ರೆ ನಾನೂ ಜೊತೆಗಿರ್ತೀನಿ” ಅಂದರು. ಆಕೆಯ ತಿಥಿ, ಕಾರ್ಯವೆಲ್ಲ ಮುಗಿಯಲಿ, ಸಿದ್ಧಾರ್ಥನಗರಕ್ಕೆ ಹೋಗಿ ನರ್ಸರಿಯಲ್ಲೇ ಕೂತು ಹೇಳೋಣವೆಂದು ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ನಿಮ್ಮ ಮನೆಯವರಿಗೆ ಒಂದು ದಿನ ಔಷಧಿ ತಪ್ಪು ದಾರಿಯಲ್ಲಿ ಹೋಯಿತು. ಅದಕ್ಕೆ ನಾನು ಕಾರಣ.

ಹದಿನೈದು ದಿನ ಕಳೆದು ಆತನೇ ಬಂದರು. ಬೆಳಗಿನ ಓ.ಪಿ.ಡಿ. ಹೊತ್ತು, ಕಿಟಕಿಯಲ್ಲಿ ನಾಲ್ಕಾರು ಜನ ಸಾಲು ನಿಂತಿದ್ದರು. ಆತನೂ ಸಾಲಿನಲ್ಲೇ ನಿಂತು ಬಂದು ಪ್ಲಾಸ್ಟಿಕ್ ಕವರೊಂದನ್ನು ಒಳಗೆ ಸರಿಸಿದರು. ಏಳು ವಯಲ್, ಸೀಲು ಒಡೆಯದವು. ಆಕೆಗೆಂದು ಹೊರಗಿನಿಂದ ತರಿಸಿದ್ದರಲ್ಲಿ ಉಳಿದವು.

“ಯಾರಿಗಾರ ಆಯ್ತದೆ, ಇಟ್ಕಳಿ ಮೇಡಮ್ಮೋರೆ.”

ಮನೆಯಲ್ಲಿದ್ದು ಬಂದ ಔಷಧಿಯನ್ನು ಮತ್ತೊಬ್ಬರಿಗೆ ಕೊಡುವ ಹಾಗಿಲ್ಲ. ಅದನ್ನು ಹೇಳಲಾಗಲಿಲ್ಲ, ತೆಗೆದುಕೊಂಡೆ. “ಒಳಗೆ ಬನ್ನಿ ಯಜಮಾನ್ರೇ, ನಿಮ್ಮ ಹತ್ರ ಒಂದು ಮಾತಾಡೋದಿದೆ” ಅಂದೆ.

“ನಂದೂ ಒಂದ್ಮಾತೈತೆ. ತೆಪ್ಪು ತಿಳ್ಕಬ್ಯಾಡಿ. ಇದ ಇನ್ಯಾರಿಗಾರ ಕೊಡೋವಾಗ ಕುಡಿಸ್ಬ್ಯಾಡಿ. ಸೂಜಿಲೇ ಆಕ್ಸಿ. ನಾ ಕಣ್ಣಾರೆ ನೋಡಿವ್ನಿ. ಬಾನ್ವಾರ ನಾನೇ ಸಿಸ್ಟರಿಗೆ ಕೈ ಮುಗ್ದು ಏಳಿ ಸೂಜಿಲಿ ಆಕುಸ್ದೆ. ಸಂಜೆಗೆ ನಿಂತೋಯ್ತು. ಸ್ವಾಮಾರ ನೀವು ಬಂದು ತಿರ್ಗಾ ಒಟ್ಟೆಗೆ ಬುಟ್ರಿ.” ಕಿಟಕಿಯ ಕಟ್ಟೆಯನ್ನು ಹೆಬ್ಬೆರಳಿನಿಂದ ಒರೆಸುತ್ತ ಸ್ವಲ್ಪ ನಿಂತರು. “ನಿಮ್ ಮ್ಯಾಲೆ ನಂಗೇನೂ ಬೇಜಾರಿಲ್ಲ ಬುಡಿ. ನೀವು ಒಳ್ಳೇದ್ಕೇ ಮಾಡುದ್ರಿ. ಆ ಒಂದು ದಿನ ಅವ್ಳಿಗೆ ನನ್ ಕೈಲಾದ್ದ ಮಾಡ್ದೆ ಅಂತ ಒಂದು ಸಮಾದಾನ.”

ನಾನು ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ನನ್ನ ತಪ್ಪು ಮಾತ್ರ ಇತ್ತು. ಆತನ ಸಮಾಧಾನವಿರುವುದು ಅದೇ ತಪ್ಪಿನ ಒಳಗೆ ಎಂದು ನನಗೆ ಗೊತ್ತಿರಲಿಲ್ಲ. ನನ್ನದನ್ನಷ್ಟೇ ಬಿಡಿಸಿ ಹೇಳಲು ದಾರಿ ಹುಡುಕಿದೆ. ಇರಲಿಲ್ಲ. ಔಷಧಿ ನರಕ್ಕೆ ಹೋದದ್ದೇ ತಪ್ಪು ಎಂದೊಡನೆ ಕೈ ಮುಗಿದು ಹಾಕಿಸಿದವರು ಯಾರೆಂಬುದು ಆತನಿಗೆ ತಿಳಿದುಬಿಡುತ್ತಿತ್ತು.

“ನೀವೇನೋ ಏಳ್ಬೇಕು ಅಂದ್ರಿ?”

“ಏನಿಲ್ಲ,” ಅಂದೆ. “ಊಟ ಸರಿಯಾಗಿ ಮಾಡಿ.”

ಆತ ಹೋದರು. ಆ ಮೌನ ಕರುಣೆಯೋ ಹೇಡಿತನವೋ, ಯಾವ ಕನ್ಫೆಷನ್ ಬಾಕ್ಸಿನಲ್ಲಿ ಕೂತರೂ ನನಗೆ ಗೊತ್ತಾಗಲಾರದು.

ಸಾಲಿನಲ್ಲಿ ಮುಂದಿದ್ದದ್ದು ಸೊಂಟದಲ್ಲಿ ಮಗು ಎತ್ತಿಕೊಂಡ ಚಿಕ್ಕ ವಯಸ್ಸಿನ ಹೆಂಗಸು. ಚೀಟಿ ಕೊಟ್ಟಳು. ಮಗುವಿಗೆ ರಕ್ತಭೇದಿ, ಜ್ವರ. ಅಜಿತ್ರೊಮೈಸಿನ್ ಸಿರಪ್ಪು, ಜೊತೆಗೆ ಓ.ಆರ್.ಎಸ್. ಸರಿಯಾದ ಚೀಟಿ. ಸಿರಪ್ಪಿನ ಪುಡಿಗೆ ನೀರು ಬೆರೆಸಿ, ಗೆರೆಯವರೆಗೆ ತುಂಬಿ, ಕುಲುಕಿ ಕೌಂಟರ್ ಮೇಲಿಟ್ಟೆ.

“ದಿನಕ್ಕೊಂದು ಸಲ, ಈ ಮುಚ್ಚಳದಲ್ಲಿ ಅಳೆದು ಕುಡಿಸಮ್ಮ.”

ಅವಳು ಬಾಟಲಿ ನೋಡಿದಳು. ಆತ ದಾಟಿಹೋದ ಗೇಟಿನ ಕಡೆ ನೋಡಿದಳು.

“ಕುಡಿಸೋದಾ ಮೇಡಂ? ಸೂಜಿಲಿ ಬರಲ್ವಾ ಇದು?”

“ಇಲ್ಲಮ್ಮ, ಇದು ಕುಡಿಸೋದೇ. ಹೊಟ್ಟೆಗೆ ಇದೇ ಒಳ್ಳೇದು.”

“ಅವ್ರ ಮನೆಯವ್ರಿಗೂ ನೀವು ಹಂಗೇ ಹೇಳಿದ್ರಂತಲ್ಲ.”

ಉತ್ತರ ನನ್ನಲ್ಲಿತ್ತು. ಅದನ್ನು ಹೇಳುವ ಹಕ್ಕನ್ನು ಎರಡು ನಿಮಿಷದ ಹಿಂದೆ ನಾನೇ ಬಿಟ್ಟುಕೊಟ್ಟಿದ್ದೆ.

“ಇರಿ ಮೇಡಂ, ಬೇರೆ ಕಡೆ ಒಂದ್ಸಲ ತೋರಿಸ್ಕೊಂಡು ಬರ್ತೀನಿ” ಎಂದು ಚೀಟಿ ವಾಪಸ್ ತೆಗೆದುಕೊಂಡು, ಮಗುವಿನ ತಲೆಗೆ ಸೆರಗು ಹೊದಿಸಿ ಮೆಟ್ಟಿಲಿಳಿದಳು. ಕಲಸಿದ ಬಾಟಲಿ ಕೌಂಟರ್ ಮೇಲೆ ಹಾಗೇ ಇತ್ತು.